ಹುಲ್ಲುಗಾವಲಿನ ದಾರಿಗೆ ಹೊರಟವರಿಗೆ: ಓದುಗರ ಪ್ರಶ್ನೋತ್ತರ

ಪ್ರಶ್ನೆ: ಅಕ್ಟೋಬರ್‌ನಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಮ್ಯಾನ್‌ಹ್ಯಾಟನ್ ಊರಿಗೆ, ಮಗಳ ಮನೆಗೆ ಹೋಗಲಿದ್ದೇವೆ. ಮುಳ್ಳಯ್ಯನಗಿರಿ, ಎತ್ತಿನಭುಜ ಹತ್ತಿದ ಅಭ್ಯಾಸ ಇಬ್ಬರಿಗೂ ಇದೆ. ಸಾಂಟಾ ಫೆ ಚಾರಿತ್ರಿಕ ದಾರಿಯಲ್ಲಿ ಒಂದು ವಾರ ನಡೆಯಬಹುದೇ?
– ಓದುಗರು, ಸಕಲೇಶಪುರ

ಉತ್ತರ: ಆ ದಾರಿಯನ್ನು ಉದ್ದಕ್ಕೂ ನಡೆಯಲಾಗದು. 1821ರಿಂದ 1880ರವರೆಗೆ ಮಿಸೌರಿಯಿಂದ ಈಗಿನ ನ್ಯೂ ಮೆಕ್ಸಿಕೊ ರಾಜ್ಯದ ಸಾಂಟಾ ಫೆ ಊರಿಗೆ ಸರಕಿನ ಗಾಡಿಗಳು ಓಡಾಡಿದ ಮಾರ್ಗವದು. ರೈಲು ಬಂದ ಮೇಲೆ ನಿಂತಿತು. ಈಗ ಬಹುಪಾಲು ಖಾಸಗಿ ಹೊಲ, ಬೇಲಿ. ಕಾರಿನಲ್ಲಿ ಹೋಗಿ ಅಲ್ಲಲ್ಲಿ ಇಳಿದು ನೋಡಬೇಕು. ಡಾಡ್ಜ್ ಸಿಟಿಯ ಪಶ್ಚಿಮಕ್ಕೆ ಗಾಡಿಜಾಡು ಇನ್ನೂ ಉಳಿದಿದೆ. ನಮ್ಮ ಎತ್ತಿನಗಾಡಿಯಂತೆ ಎರಡು ಗೀರು ಹುಡುಕಬೇಡಿ. ಗಾಡಿಗಳು ಪಕ್ಕಪಕ್ಕದಲ್ಲೇ ಸಾಗುತ್ತಿದ್ದುದರಿಂದ ಅದು ಅಗಲವಾದ ತಗ್ಗು. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ನೆರಳಿನಿಂದ ಗುರುತಾಗುತ್ತದೆ. ನಡುಹಗಲು ಹೋದರೆ ಬರೀ ಹುಲ್ಲು ಕಾಣುತ್ತದೆ.

ನಡೆಯಲು ಫ್ಲಿಂಟ್ ಹಿಲ್ಸ್ ಟ್ರೇಲ್ ಆರಿಸಿಕೊಳ್ಳಿ. ಹಳೆಯ ರೈಲು ಹಾದಿಯ ಮೇಲೆ ಆಸಾವಾಟಮಿಯಿಂದ ಹೆರಿಂಗ್ಟನ್‌ವರೆಗೆ 117 ಮೈಲಿ, ಅಂದರೆ ಸುಮಾರು 188 ಕಿ.ಮೀ. ದಿನಕ್ಕೆ 20ರಂತೆ ಇಡೀ ದಾರಿಗೆ ಒಂಬತ್ತು ಹತ್ತು ದಿನ ಬೇಕು. ವಾರವಷ್ಟೇ ಇದ್ದರೆ ಕೌನ್ಸಿಲ್ ಗ್ರೋವ್ ಊರನ್ನು ನಡುವೆ ಇಟ್ಟುಕೊಂಡು ಯೋಜಿಸಿ. ಸಾಂಟಾ ಫೆ ಮಾರ್ಗವೂ ಅದೇ ಊರಿನಲ್ಲಿ ನಿಯೋಶೋ ಹೊಳೆ ದಾಟುತ್ತಿತ್ತು; ಎರಡನ್ನೂ ಒಟ್ಟಿಗೆ ನೋಡಿದಂತಾಗುತ್ತದೆ.

ರೈಲಿಗಾಗಿ ಮಾಡಿದ ದಾರಿಯಾದ್ದರಿಂದ ಏರು ಹೆಚ್ಚಿಲ್ಲ. ಗಿರಿ ಹತ್ತಿದವರು ಇದನ್ನು ಸುಲಭವೆಂದುಕೊಂಡು ಬೊಬ್ಬೆ ಬರಿಸಿಕೊಳ್ಳುತ್ತಾರೆ: ಸಮತಟ್ಟಿನಲ್ಲಿ ಪ್ರತಿ ಹೆಜ್ಜೆಗೂ ಪಾದದ ಒಂದೇ ಜಾಗ ಉಜ್ಜುತ್ತದೆ. ದಪ್ಪ ಬೂಟು ಬೇಡ, ಹಗುರ ಓಟದ ಶೂ ಸಾಕು; ಮಧ್ಯಾಹ್ನ ಕಾಲುಚೀಲ ಬದಲಿಸಿ. ನಮ್ಮ ಶೋಲಾ ಕಾಡಿನಂತೆ ಅಲ್ಲಲ್ಲಿ ಝರಿ ಸಿಗುವುದಿಲ್ಲ. ಸಿಕ್ಕಿದ ಹಳ್ಳದಲ್ಲಿ ದನ ಇಳಿದಿರುತ್ತವೆ, ಹೊಲದ ಔಷಧಿ ಸೇರಿರುತ್ತದೆ. ಕುದಿಸಿದರೂ ಔಷಧಿ ಹೋಗದು. ಒಬ್ಬೊಬ್ಬರಿಗೆ ಮೂರು ಲೀಟರ್ ಹೊತ್ತು, ಊರು ಸಿಕ್ಕಲ್ಲೆಲ್ಲ ತುಂಬಿಕೊಳ್ಳಿ.

ಮೊದಲೆರಡು ದಿನ ಮ್ಯಾನ್‌ಹ್ಯಾಟನ್ ಪಕ್ಕದ ಕಾನ್ಜಾ ಹುಲ್ಲುಗಾವಲಿನಲ್ಲಿ ಕಾಲು ಪಳಗಿಸಿ. ಸುಮಾರು 4, 7, 10 ಕಿ.ಮೀ.ಗಳ ಮೂರು ಸುತ್ತುಗಳಿವೆ. ಸಂಶೋಧನೆಯ ನೆಲ, ದಾರಿ ಬಿಟ್ಟು ಇಳಿಯಬೇಡಿ. ಸ್ಟ್ರಾಂಗ್ ಸಿಟಿ ಬಳಿಯ ಟಾಲ್‌ಗ್ರಾಸ್ ರಾಷ್ಟ್ರೀಯ ಸಂರಕ್ಷಿತ ಹುಲ್ಲುಗಾವಲನ್ನಂತೂ ಬಿಡಲೇಬೇಡಿ. ಪ್ರವೇಶ ಉಚಿತ, 2009ರಲ್ಲಿ ಮರಳಿ ತಂದ ಬೈಸನ್ (ಅಮೆರಿಕದ ಕಾಡುದನ) ಹಿಂಡು ಅಲ್ಲಿದೆ. ನಮ್ಮ ಕಾಟಿಯಂತೆ ಅದು ಕಾಡಿಗೆ ಸರಿದುಹೋಗಲು ಅಲ್ಲಿ ಕಾಡಿಲ್ಲ. ನೂರು ಗಜ ದೂರವಿರಿ. ಬಾಲ ಎತ್ತಿತೆಂದರೆ ಹಾಯಲು ಸಿದ್ಧವಾಗಿದೆ, ನಿಧಾನವಾಗಿ ಹಿಂದೆ ಸರಿಯಿರಿ.

ಅಕ್ಟೋಬರ್ ಒಳ್ಳೆಯ ಆಯ್ಕೆ, ಹುಲ್ಲು ಕೆಂಪು ತಿರುಗಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ರೈತರು ಹುಲ್ಲಿಗೆ ಬೆಂಕಿ ಕೊಡುತ್ತಾರೆ, ಹೊಗೆ ಕಾಟ. ಮೇ ತಿಂಗಳಲ್ಲಿ ಸುಂಟರಗಾಳಿ.

ಪ್ರಶ್ನೆ: ಅಲ್ಲಿ ಇಂಬಳ ಇದೆಯೇ? ಸುಣ್ಣ, ಹೊಗೆಸೊಪ್ಪು ಒಯ್ಯಬೇಕೇ?
– ಓದುಗರು, ಮೂಡಿಗೆರೆ

ಉತ್ತರ: ಹುಲ್ಲುಗಾವಲಿನಲ್ಲಿ ಕಾಡುವುದು ಉಣುಗು. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಅದರ ಅಪಾಯ ಗೊತ್ತೇ ಇದೆ. ಸುಣ್ಣ, ಸೀಮೆಎಣ್ಣೆ, ಬೀಡಿಕಿಡಿ ಯಾವುದೂ ಬೇಡ. ಕೆರಳಿದ ಉಣುಗು ತನ್ನೊಳಗಿನ ರಸವನ್ನು ಗಾಯಕ್ಕೇ ಕಕ್ಕುತ್ತದೆ. ಮೊನಚು ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ, ನೇರ ಮೇಲಕ್ಕೆ ಎಳೆಯಿರಿ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಪರ್ಮೆಥ್ರಿನ್ ಎಂಬ ಕೀಟನಾಶಕ ಬಟ್ಟೆಗೆ ಮಾತ್ರ, ಸಿಂಪಡಿಸಿ ಒಣಗಿದ ಮೇಲೆ ತೊಡಿ; ಮೈಗೆ ಡೀಟ್ ಎಂಬ ಕೀಟ ಓಡಿಸುವ ಔಷಧಿ ಹಚ್ಚಿ. ಸಂಜೆ ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ಕಿವಿಯ ಹಿಂದೆ ತಡವಿ ನೋಡಿ. ಕಚ್ಚಿದ ಕೆಲವು ವಾರಗಳಲ್ಲಿ ಜ್ವರ ಅಥವಾ ಗಂಧೆ ಕಂಡರೆ, ಊರಿಗೆ ಮರಳಿದ್ದರೂ, ಎಲ್ಲಿ ನಡೆದಿರಿ, ಯಾವಾಗ ಕಚ್ಚಿತು ಎಂಬುದನ್ನು ವೈದ್ಯರಿಗೆ ತಿಳಿಸಿ.