ಲೋರಾದಲ್ಲಿ ಮೋಟರ್ ಆನ್-ಆಫ್: ರಿಟ್ರೈ 20 ಮಾಡಬೇಡಿ, ಮೊದಲು ಟೈಮ್‌ಔಟ್ ನೋಡಿ

ಟ್ಯಾಂಕಿ ಕಡೆಯ ಬೋರ್ಡಿನಿಂದ ಪಂಪ್‌ಶೆಡ್ಡಿನ ಮೋಟರಿಗೆ ಲೋರಾದಲ್ಲಿ (ದೂರ ತಲುಪುವ, ನಿಧಾನದ ರೇಡಿಯೋ) ಕಮಾಂಡ್ ಕಳಿಸುವ ನಿಮ್ಮ ಕೋಡ್ ನೋಡಿದೆ ಸರ್. ಎಸ್‌ಎಫ್12 (ಸ್ಪ್ರೆಡಿಂಗ್ ಫ್ಯಾಕ್ಟರ್, ಹೆಚ್ಚಿದಷ್ಟೂ ದೂರ ಹೋಗುತ್ತದೆ, ಆದರೆ ನಿಧಾನ), ಬ್ಯಾಂಡ್‌ವಿಡ್ತ್ 125 ಕಿಲೋಹರ್ಟ್ಸ್, ಆಕ್‌ಗೆ ('ತಲುಪಿತು' ಎಂಬ ಮರುತ್ತರ) 500 ಮಿಲಿಸೆಕೆಂಡ್ ಕಾಯುವುದು (ಇದೇ ಟೈಮ್‌ಔಟ್), ಬರದಿದ್ದರೆ ಹತ್ತು ರಿಟ್ರೈ, ಅಂದರೆ ಮತ್ತೆ ಕಳಿಸುವುದು. ಆದರೂ ಆಕ್ ಸಿಗ್ತಿಲ್ಲ, ಅದಕ್ಕೆ ರಿಟ್ರೈ 20 ಮಾಡ್ತೇನೆ ಅಂದಿದ್ದೀರಿ. ದಯವಿಟ್ಟು ಬೇಡ. ಇದೇ ದಾರಿ ಹಿಡಿದು ನಾನು ಒಂದು ಮೋಟರಿನ ವೈಂಡಿಂಗ್ ಸುಟ್ಟುಕೊಂಡಿದ್ದೇನೆ.

20 ಬೈಟಿನ ಪ್ಯಾಕೆಟ್ ಎಸ್‌ಎಫ್12ರಲ್ಲಿ ಹೋಗಿ ಮುಗಿಯಲು 1.3 ಸೆಕೆಂಡ್ ಬೇಕು. ಆಕ್ ಐದಾರು ಬೈಟ್ ಇದ್ದರೂ 0.8ರಿಂದ 1 ಸೆಕೆಂಡ್, ಪ್ರಿಯಾಂಬಲ್ (ಪ್ಯಾಕೆಟ್ಟಿನ ಆರಂಭದ ಗುರುತು-ಸಿಗ್ನಲ್) ಒಂದೇ 0.4 ಸೆಕೆಂಡ್ ತಿನ್ನುತ್ತದೆ. ಪಂಪ್‌ಶೆಡ್ಡಿನ ಬೋರ್ಡ್ ಇನ್ನೂ ಆಕ್ ಹೇಳುತ್ತಿರುವಾಗಲೇ ಟ್ಯಾಂಕಿ ಕಡೆಯದು ಮತ್ತೆ ಕೂಗಲು ಶುರು ಮಾಡುತ್ತದೆ, ಕೂಗುವಾಗ ಅದಕ್ಕೆ ಏನೂ ಕೇಳಿಸುವುದಿಲ್ಲ. ನಿಮ್ಮ ಪ್ಯಾಕೆಟ್ ಮೊದಲ ಸಲಕ್ಕೇ ತಲುಪಿರುವ ಸಾಧ್ಯತೆ ಹೆಚ್ಚು. 20 ಮಾಡಿದರೆ ಅರ್ಧ ನಿಮಿಷ ಚಾನೆಲ್ ಹಿಡಿದು ಕೂತಂತೆ, ಅಷ್ಟೇ.

ನನ್ನದರಲ್ಲಿ ಇದರ ಜೊತೆ ಇನ್ನೊಂದು ತಪ್ಪಿತ್ತು: ಆನ್‌ಗೂ ಆಫ್‌ಗೂ ಒಂದೇ ಕಮಾಂಡ್, ಬಂದಾಗಲೆಲ್ಲ ಸ್ಥಿತಿ ಬದಲಿಸುವುದು. ಟ್ಯಾಂಕಿ ತುಂಬಿತು, ಫ್ಲೋಟ್ ಎದ್ದಿತು, ಕಮಾಂಡ್ ಹೋಯಿತು, ಮೋಟರ್ ನಿಂತಿತು. ಆಕ್ ಸಿಗಲಿಲ್ಲ ಅಂತ ಅದೇ ಕಮಾಂಡ್ ಮತ್ತೆ ಬಂತು, ಮೋಟರ್ ಹತ್ತಿತು. ಶೆಡ್ಡಿಗೆ ಓಡುವಷ್ಟರಲ್ಲಿ ಕಂಟ್ಯಾಕ್ಟರ್ ಎರಡೆರಡು ಸೆಕೆಂಡಿಗೆ ಠಕ್ ಠಕ್ ಅಂತಿತ್ತು, ಸ್ಟಾರ್ಟರ್ ಡಬ್ಬಿ ಕೈ ಇಡಲಾಗದಷ್ಟು ಬಿಸಿ. ವಾರದೊಳಗೆ ಮೋಟರನ್ನು ಬೋರಿನಿಂದ ಮೇಲೆತ್ತಿಸಬೇಕಾಯಿತು. ಹಾಗಾಗಿ 'ಆನ್ ಆಗು', 'ಆಫ್ ಆಗು' ಅಂತ ಬೇರೆ ಬೇರೆ ಕಳಿಸಿ. ಪ್ರತಿ ಕಮಾಂಡಿಗೂ ನಂಬರ್ ಇರಲಿ. ಅದೇ ನಂಬರ್ ಮತ್ತೆ ಬಂದರೆ ಆಕ್ ಮಾತ್ರ ಕೊಡಿ, ರಿಲೇ (ಮೋಟರ್ ಆನ್-ಆಫ್ ಮಾಡುವ ಬೋರ್ಡಿನ ಸ್ವಿಚ್) ಮುಟ್ಟಬೇಡಿ. ಕಳಿಸುವ ಬೋರ್ಡ್ ರೀಸೆಟ್ ಆದಾಗ ನಂಬರ್ ಸೊನ್ನೆಯಿಂದ ಶುರುವಾಗಿ ಹೊಸ ಕಮಾಂಡೂ ಹಳೆಯದು ಅಂತ ಬಿದ್ದುಹೋಗುತ್ತದೆ. ಬೂಟ್ ಆಗುವಾಗೊಮ್ಮೆ ರ‍್ಯಾಂಡಮ್ ಐಡಿ ಹುಟ್ಟಿಸಿ ಜೊತೆಗೆ ಕಳಿಸಿ.

ಟೈಮ್‌ಔಟ್ ಲೆಕ್ಕ: ಆಕ್‌ನ ಏರ್‌ಟೈಮ್ (ಗಾಳಿಯಲ್ಲಿ ಹೋಗಿ ಮುಗಿಯುವ ಸಮಯ), ಆ ಕಡೆ ಬೋರ್ಡ್ ತೆಗೆದುಕೊಳ್ಳುವ ಸಮಯ, ಅದರ ಮೇಲೆ ಕಾಲು ಭಾಗ ಹೆಚ್ಚುವರಿ. ಎಣಿಕೆ ಟಿಎಕ್ಸ್-ಡನ್ (ಕಳಿಸಿ ಮುಗಿಯಿತು ಎಂಬ ಮಾಡ್ಯೂಲಿನ ಸೂಚನೆ) ಬಂದ ಮೇಲೆ ಶುರುವಾಗಬೇಕು, ಕಳಿಸುವ ಫಂಕ್ಷನ್ ಕರೆದಾಗಲ್ಲ. ರೇಡಿಯೋಹೆಡ್ ಲೈಬ್ರರಿಯ ರಿಲಯಬಲ್ ಡೇಟಾಗ್ರಾಂ (ಆಕ್, ರಿಟ್ರೈ ತಾನೇ ನೋಡಿಕೊಳ್ಳುವ ಭಾಗ) ಬಳಸುವವರೂ ಕೇಳಿ: ಅದರ ಡೀಫಾಲ್ಟ್ 200 ಮಿಲಿಸೆಕೆಂಡ್, 3 ರಿಟ್ರೈ. ಎಸ್‌ಎಫ್7ಕ್ಕೆ ಸರಿ, 12ಕ್ಕೆ ಎಂದೂ ಸಾಲದು. ಲೈಬ್ರರಿ ಹಾಕಿದ ಕೂಡಲೇ ಸೆಟ್‌ಟೈಮ್‌ಔಟ್ ಬದಲಿಸದೆ ಈ ಫೋರಂಗೆ ಬಂದು ಮಾಡ್ಯೂಲ್ ಸರಿಯಿಲ್ಲ ಅನ್ನುವವರು ತಿಂಗಳಿಗೆ ಇಬ್ಬರಾದರೂ ಇದ್ದಾರೆ. ಡಾಕ್ಯುಮೆಂಟ್ ಓದ್ರಪ್ಪ.

ಇನ್ನು ಕಾಯುವಿಕೆಗೆ ರ‍್ಯಾಂಡಮ್ ಸೇರಿಸಲೇಬೇಕು. ನಮ್ಮಲ್ಲಿ ತ್ರೀಫೇಸ್ ಕರೆಂಟ್ ಬಂದ ಕ್ಷಣ ನಾಲ್ಕೂ ಬೋರ್ಡ್ ಒಟ್ಟಿಗೆ ಎದ್ದು ಒಟ್ಟಿಗೇ ಮಾತಾಡುತ್ತಿದ್ದವು. ಡಿಕ್ಕಿ ಹೊಡೆದು ಎಲ್ಲವೂ ಅಷ್ಟೇ ಹೊತ್ತು ಕಾದು ಮತ್ತೆ ಡಿಕ್ಕಿ. 1971ರಲ್ಲಿ ಹವಾಯಿ ದ್ವೀಪಗಳ ಅಲೋಹಾನೆಟ್ ಎಂಬ ರೇಡಿಯೋ ಕಂಪ್ಯೂಟರ್ ಜಾಲದಲ್ಲೇ ಈ ಕಷ್ಟಕ್ಕೆ ರ‍್ಯಾಂಡಮ್ ಕಾಯುವಿಕೆ ಉಪಾಯವಾಗಿತ್ತು. ನಾನು ಬೂಟ್ ಆದ ಮೇಲೆ 0ರಿಂದ 30 ಸೆಕೆಂಡ್, ಪ್ರತಿ ರಿಟ್ರೈಗೆ ಟೈಮ್‌ಔಟಿನ ಒಂದರಿಂದ ಎರಡು ಪಟ್ಟು ಇಟ್ಟಿದ್ದೇನೆ.

ಇದಕ್ಕಿಂತ ಮುಖ್ಯದ್ದು, ತಡವಾದ ಕಮಾಂಡ್ ಏನಾಗಬೇಕು ಅನ್ನುವುದು. ಆಫ್ ತಡವಾಗಿ ಬಂದರೂ ನಡೆಯಲಿ, ಆಕ್ ಸಿಗುವವರೆಗೆ ಕಳಿಸಿ. ಆನ್ ಹಾಗಲ್ಲ. ಐದು ನಿಮಿಷ ಹಿಂದಿನ ಆನ್ ಈಗ ತಲುಪಿದರೆ ಆ ಹೊತ್ತಿಗೆ ಯಾರೋ ಸ್ಟಾರ್ಟರ್ ಬಿಚ್ಚಿ ಕೈ ಹಾಕಿರಬಹುದು. ಪ್ಯಾಕೆಟ್ಟಿನಲ್ಲಿ ಒಂದು ಬೈಟ್ 'ವಯಸ್ಸು' ಇಡಿ: ಕಮಾಂಡ್ ಹುಟ್ಟಿ ಎಷ್ಟು ಸೆಕೆಂಡ್ ಆಯಿತು ಅಂತ, ಪ್ರತಿ ರಿಟ್ರೈಗೂ ಹೊಸದಾಗಿ ತುಂಬಿ. ನಡುವೆ ರಿಪೀಟರ್ (ಕೇಳಿದ್ದನ್ನು ಮತ್ತೆ ಕಳಿಸುವ ಬೋರ್ಡ್) ಇದ್ದರೆ ಅದು ತಾನು ಹಿಡಿದಿಟ್ಟುಕೊಂಡ ಹೊತ್ತನ್ನೂ ಸೇರಿಸಲಿ. 10 ಸೆಕೆಂಡ್ ದಾಟಿದ ಆನ್ ಅನ್ನು ಶೆಡ್ ಬೋರ್ಡ್ ಎಸೆಯಬೇಕು. ಇದಕ್ಕೆ ಆರ್‌ಟಿಸಿ (ಗಡಿಯಾರದ ಚಿಪ್) ಬೇಡ, ಎರಡೂ ಕಡೆ ಗಡಿಯಾರ ಹೊಂದಿಸುವುದೂ ಬೇಡ. ಟ್ಯಾಂಕಿಯ ಲೆವೆಲ್ ರೀಡಿಂಗ್‌ಗೆ ನಾನು ರಿಟ್ರೈಯನ್ನೇ ತೆಗೆದೆ. ಮುಂದಿನ ನಿಮಿಷ ತಾಜಾ ರೀಡಿಂಗ್ ಬರುತ್ತದಲ್ಲ.

ಲಿಂಕೇ ಸತ್ತರೆ? ಆನ್ ಅಂದರೆ 15 ನಿಮಿಷದ ಪರವಾನಗಿ ಅಷ್ಟೇ ಅಂತ ಮಾಡಿ. ನವೀಕರಣ ಬರದಿದ್ದರೆ ಮೋಟರ್ ತಾನೇ ನಿಲ್ಲಲಿ. ಡ್ರೈರನ್ (ನೀರಿಲ್ಲದೆ ಓಡುವುದು) ತಡೆ ಮತ್ತು ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವುದು) ಶೆಡ್ಡಿನಲ್ಲೇ ತಂತಿಯಲ್ಲಿರಬೇಕು, ಅದನ್ನು ರೇಡಿಯೋಗೆ ಬಿಡಬೇಡಿ.

ಕೊನೆಗೆ, ನಿಮಗೆ ಎಸ್‌ಎಫ್12 ಯಾಕೆ? ನೀವು ಹಾಕಿದ ಫೋಟೋದಲ್ಲಿ ಟ್ಯಾಂಕಿಯಿಂದ ಶೆಡ್ ಕಾಣುತ್ತಿದೆ. ಎಸ್‌ಎಫ್9ರಲ್ಲಿ ಅದೇ 20 ಬೈಟಿಗೆ 0.19 ಸೆಕೆಂಡ್ ಸಾಕು. ಮೊದಲು ಆ ಸ್ಪ್ರಿಂಗ್ ಆಂಟೆನಾ ಕಿತ್ತು ಸರಿಯಾದ್ದನ್ನು ಅಡಿಕೆ ಸೋಗೆಗಿಂತ ಮೇಲೆ ಕಟ್ಟಿ. ಒದ್ದೆ ಸೋಗೆ ಸಿಗ್ನಲ್ ಕುಡಿಯುತ್ತದೆ. ಲೋರಾ ಮಾಡ್ಯೂಲ್‌ಗಳಲ್ಲಿ ಇಬೈಟ್ ಇ32 ಜೋಡಿಸಲು ಸುಲಭ, ಆದರೆ ಪ್ಯಾಕೆಟ್ ಯಾವಾಗ ಹೊರಟಿತು ಅಂತ ತಿಳಿಯಲು ಆಕ್ಸ್ ಪಿನ್ ನೋಡುತ್ತಿರಬೇಕು. ನನಗೆ ಆರ್‌ಎಫ್‌ಎಂ95 ಇಷ್ಟ, ಟಿಎಕ್ಸ್-ಡನ್ ನೇರ ಡಿಐಓ0 ಪಿನ್ನಿನಲ್ಲಿ ಸಿಗುತ್ತದೆ, 865-867 ಮೆಗಾಹರ್ಟ್ಸ್‌ನಲ್ಲಿ ಲೈಸೆನ್ಸ್ ಗೋಜಿಲ್ಲದೆ ಓಡಿಸಬಹುದು. ನಿಮ್ಮ ರಾ-02 ಮಾಡ್ಯೂಲ್ 433 ಮೆಗಾಹರ್ಟ್ಸ್‌ನದ್ದು, ಅದನ್ನು 865ಕ್ಕೆ ಸೆಟ್ ಮಾಡಲು ಹೋಗಬೇಡಿ.

ಏನನ್ನೂ ಬದಲಿಸುವ ಮೊದಲು ಇವತ್ತು ಟಿಎಕ್ಸ್-ಡನ್ ಆದ ಮಿಲಿಸ್ (ಬೋರ್ಡಿನ ಮಿಲಿಸೆಕೆಂಡ್ ಎಣಿಕೆ), ಆಕ್ ಬಂದ ಮಿಲಿಸ್ ಎರಡನ್ನೂ ಪ್ರಿಂಟ್ ಮಾಡಿ, ಟೈಮ್‌ಔಟ್ 4 ಸೆಕೆಂಡ್ ಇಟ್ಟು ಐವತ್ತು ಪ್ಯಾಕೆಟ್ ಕಳಿಸಿ. ರಿಲೇ ವೈರ್ ಬಿಚ್ಚಿಟ್ಟೇ ಮಾಡಿ. ಲಾಗ್ ಇಲ್ಲಿ ಹಾಕಿ, ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಅನ್ನುವುದು) ಕಾಲಂ ಬಿಡಬೇಡಿ.