ಬ್ಯಾಟರಿ ಉಬ್ಬಿದ ಆರ್‌ಸಿ ಕಾರು ಕೊಳ್ಳಬಹುದಾ?

ಬ್ಯಾಟರಿ ಉಬ್ಬಿರುವ, ಓಡದ ಆರ್‌ಸಿ ಕಾರು (ರಿಮೋಟ್‌ನಿಂದ ಓಡಿಸುವ ಆಟದ ಕಾರು) ಕೊಂಡು ರಿಪೇರಿ ಮಾಡಿ ಮಾರಿದರೆ ಏನಾದರೂ ಉಳಿಯುತ್ತಾ ಅಂತ ಕೇಳಿದ್ದೀರಿ. ಕೊಳ್ಳಿ, ಆದರೆ ಬ್ಯಾಟರಿಗೆ ಒಂದು ರೂಪಾಯಿಯನ್ನೂ ಲೆಕ್ಕ ಹಿಡಿಯಬೇಡಿ. ಉಬ್ಬಿದ ಲಿಪೋವನ್ನು (ಈ ಕಾರುಗಳ ಲಿಥಿಯಂ ಪಾಲಿಮರ್ ಬ್ಯಾಟರಿ) ಮತ್ತೆ ಚಾರ್ಜಿಗೆ ಹಾಕಲೇಬಾರದು, ಬೆಂಕಿ ಹತ್ತಬಹುದು. ಅದರಲ್ಲೂ ನಮ್ಮ ಕಲಬುರಗಿಯ ಮೇ ಬಿಸಿಲು ಗೊತ್ತಲ್ವಾ!

ನೋಡಲು ಹೋಗುವಾಗ ಕಾರಿಗೆ ಹೊಂದುವ ಒಳ್ಳೆ ಬ್ಯಾಟರಿ ಪ್ಯಾಕ್ ನೀವೇ ಒಯ್ಯಿರಿ. 2 ಸೆಲ್‌ನದು ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್ ತೋರಿಸಬೇಕು. ಸ್ಟೇರಿಂಗ್ ತಿರುಗಿ ಚಕ್ರ ಮಾತ್ರ ಓಡದಿದ್ದರೆ ಮೋಟಾರ್ ಇಲ್ಲವೇ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ಮೇಲೆ ಅನುಮಾನ ಇಡಿ. ಮೋಟಾರ್ ಗುಂಯ್ ಅಂದರೂ ಕಾರು ಕದಲದಿದ್ದರೆ ಹೆಚ್ಚಾಗಿ ಗೇರಿನ ಹಲ್ಲು ಹೋಗಿರುತ್ತದೆ. ಅಂಥದ್ದು ಸಿಕ್ಕರೆ ಬಿಡಬೇಡಿ, ಖರ್ಚು ಕಡಿಮೆ.

ನನ್ನ ಮೊದಲ ಕಾರಿನ ಗೇರ್‌ಬಾಕ್ಸ್ ಬಿಚ್ಚಿದರೆ ಎರೆಮಣ್ಣು, ಗ್ರೀಸ್ ಸೇರಿ ಮುದ್ದೆ ಆಗಿತ್ತು. ಹಳೆ ಟೂತ್‌ಬ್ರಷ್‌ನಿಂದ ತಿಕ್ಕಿ ಬೇರಿಂಗ್ ಬದಲಿಸಿದೆ, ಅಷ್ಟೇ. ಮಾರುವಾಗ ಸುಮ್ನೆ ಫೋಟೊ ಸಾಲದು, ಓಡುವ ವಿಡಿಯೊ ಕಳಿಸಿ.