ಓದುಗರ ಪ್ರಶ್ನೆ: ಕುರ್ಚಿ ಬಿಟ್ಟೇಳದ ನಾಯಕ

ಪ್ರಶ್ನೆ: ಆಲ್‌ಫ್ರೆಡ್ ಹಿಚ್‌ಕಾಕ್ ಅವರ ‘ರಿಯರ್ ವಿಂಡೋ’ ಚಿತ್ರವನ್ನು ಮೊನ್ನೆ ಮೊಬೈಲಿನಲ್ಲಿ ನೋಡಿದೆ. ಕಾಲು ಮುರಿದುಕೊಂಡ ಫೋಟೊಗ್ರಾಫರ್ ಗಾಲಿಕುರ್ಚಿಯಲ್ಲಿ ಕುಳಿತು ಎದುರು ಮನೆಗಳನ್ನು ನೋಡುತ್ತಿರುತ್ತಾನೆ, ಅಷ್ಟೇ. ಮೊದಲ ಅರ್ಧ ಗಂಟೆ ಏನೂ ನಡೆಯುವುದಿಲ್ಲ, ಕೊಲೆಯನ್ನಂತೂ ತೋರಿಸುವುದೇ ಇಲ್ಲ. ಇದನ್ನು ಇಂದಿಗೂ ಏಕೆ ಹೊಗಳುತ್ತಾರೆ?
– ಓದುಗರೊಬ್ಬರು, ರಾಯಚೂರು

ಉತ್ತರ: ರಾಯಚೂರಿನವರಾದ ತಮಗೆ ಆ ಅರ್ಧ ಗಂಟೆ ಹಿಡಿಸಬೇಕಿತ್ತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಹೊರಸು ಹಾಕಿಕೊಂಡು ಮಲಗುತ್ತಿದ್ದ ನಮಗೆ, ಯಾರ ಮನೆಯ ದೀಪ ಎಷ್ಟು ಹೊತ್ತಿಗೆ ಆರುತ್ತದೆ ಎಂಬುದು ಬೇಡವೆಂದರೂ ತಿಳಿದುಬಿಡುತ್ತಿತ್ತು. ಈ ಚಿತ್ರದಲ್ಲಿಯೂ ಕಡುಬೇಸಿಗೆ. ಎಲ್ಲರ ಕಿಟಕಿಗಳೂ ತೆರೆದಿವೆ. ಒಂದು ದಂಪತಿ ಹಾಸಿಗೆಯನ್ನು ಹೊರಗಿನ ಕಬ್ಬಿಣದ ಅಟ್ಟಣೆಗೆ ಎಳೆದು ಮಲಗುತ್ತಾರೆ, ಮಳೆ ಬಿದ್ದೊಡನೆ ಅದನ್ನು ಕಿಟಕಿಯೊಳಗೆ ತುರುಕಲು ಪರದಾಡುತ್ತಾರೆ. ಇಬ್ಬರಿಗೆ ಮೇಜು ಸಿದ್ಧಪಡಿಸಿ ಒಬ್ಬಳೇ ಕೂರುವ ಹೆಂಗಸು, ಪಿಯಾನೊ ಎದುರು ಒದ್ದಾಡುವ ಸಂಗೀತಗಾರ ಮೊದಲಾದವರ ದಿನಚರಿ ನಮಗೆ ರೂಢಿಯಾಗಲೆಂದೇ ಆ ಅರ್ಧ ಗಂಟೆ ಇರುವುದು. ಹಾಗೆ ರೂಢಿಯಾದ ಮೇಲೆಯೇ, ಸೇಲ್ಸ್‌ಮನ್ ಥಾರ್ವಾಲ್ಡ್ ಮಳೆಯಲ್ಲಿ ನಡುರಾತ್ರಿ ಪೆಟ್ಟಿಗೆ ಹಿಡಿದು ಮತ್ತೆ ಮತ್ತೆ ಹೊರಗೆ ಹೋಗಿ ಬರುವುದು, ಅವನ ಕಾಯಿಲೆಯ ಹೆಂಡತಿ ಮರುದಿನ ಕಾಣಿಸದಿರುವುದು ನಮ್ಮ ಎದೆಯನ್ನು ಚುಚ್ಚುತ್ತದೆ.

ಕೊಲೆ ಕಾಣುವುದಿಲ್ಲವೆಂದು ತಾವು ದೂರಿದ್ದೀರಿ. ನಾಯಕ ಜೆಫ್ರೀಸ್ ಕಂಡದ್ದಕ್ಕಿಂತ ಹೆಚ್ಚೇನನ್ನೂ ಚಿತ್ರ ನಮಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ ಒಮ್ಮೆ, ಅವನು ನಿದ್ದೆಹೋದಾಗ, ಥಾರ್ವಾಲ್ಡ್ ಒಬ್ಬ ಹೆಂಗಸಿನೊಂದಿಗೆ ಹೊರನಡೆಯುವುದನ್ನು ನಮಗೆ ಮಾತ್ರ ತೋರಿಸುತ್ತದೆ. ಅವಳು ಅವನ ಹೆಂಡತಿಯೇ ಇರಬಹುದಲ್ಲ! ಆ ಕ್ಷಣದಿಂದ, ಕೊಲೆ ನಡೆದಿದೆ ಎನ್ನುವ ನಾಯಕನನ್ನೂ ನಾವು ಪೂರ್ತಿಯಾಗಿ ನಂಬಲಾರೆವು. ನನ್ನ ದೃಷ್ಟಿಯಲ್ಲಿ ಇಡೀ ಚಿತ್ರಕಥೆಯ ಅತ್ಯಂತ ಜಾಣ ಹೆಜ್ಜೆ ಇದು.

ಇನ್ನೊಂದು ದೃಶ್ಯ: ಅಟ್ಟಣೆಯ ದಂಪತಿಯ ನಾಯಿಯನ್ನು ಯಾರೋ ಕೊಂದಿದ್ದಾರೆ. ಯಜಮಾನಿಯ ಚೀರಾಟಕ್ಕೆ ಓಣಿಗೆ ಓಣಿಯೇ ಕಿಟಕಿಗೆ ಬರುತ್ತದೆ. ಒಂದು ಮನೆ ಮಾತ್ರ ಕತ್ತಲೆ. ಆ ಕತ್ತಲೆಯಲ್ಲಿ ಸಿಗರೇಟಿನ ಕೆಂಪು ಕಿಡಿಯೊಂದು ಜಗ್ಗನೆ ಬೆಳಗಿ ಮಂಕಾಗುತ್ತದೆ. ಚಾಕು, ರಕ್ತ ಯಾವುದೂ ಬೇಕಾಗಲಿಲ್ಲ.

ಕಾರ್ನೆಲ್ ವುಲ್ರಿಚ್ ಅವರ 1942ರ ಸಣ್ಣಕತೆಯನ್ನು ಆಧರಿಸಿದ ಈ ಚಿತ್ರ 1954ರಲ್ಲಿ ತೆರೆಕಂಡಿತು. ಅಂಗಳ ಮತ್ತು 31 ಮನೆಗಳ ಇಡೀ ವಠಾರವನ್ನು ಪ್ಯಾರಾಮೌಂಟ್ ಸ್ಟುಡಿಯೊದೊಳಗೇ ಕಟ್ಟಲಾಗಿತ್ತು. ಜೇಮ್ಸ್ ಸ್ಟುವರ್ಟ್, ಗ್ರೇಸ್ ಕೆಲ್ಲಿ ಅವರ ಅಭಿನಯದ ಬಗ್ಗೆ ಹೇಳುತ್ತಾ ಹೋದರೆ ಪುಟ ಸಾಲದು. ಕದ್ದು ನೋಡುವ ಒಬ್ಬ ವ್ಯಕ್ತಿ, ಒಂದು ಕಿಟಕಿ, ಅವನ ಮಾತನ್ನು ನಂಬದ ಪೊಲೀಸರು ಎಂಬ ಈ ಹಂದರ ಬ್ರಯಾನ್ ಡಿ ಪಾಲ್ಮಾ ಅವರ ‘ಬಾಡಿ ಡಬಲ್’ (1984) ಚಿತ್ರಕ್ಕೂ, ಗೃಹಬಂಧನದಲ್ಲಿರುವ ಹುಡುಗನ ಕತೆಯಾದ ‘ಡಿಸ್ಟರ್ಬಿಯಾ’ (2007) ಚಿತ್ರಕ್ಕೂ ಒದಗಿಬಂದಿದೆ. ಆದರೆ ಹಂದರವನ್ನು ತೆಗೆದುಕೊಂಡವರೆಲ್ಲರಿಗೂ ಆ ತಾಳ್ಮೆ ಬರಲಿಲ್ಲ. ಜೆಫ್ರೀಸ್‌ನ ಪ್ರೇಯಸಿ ಲೀಸಾ (ಗ್ರೇಸ್ ಕೆಲ್ಲಿ) ಥಾರ್ವಾಲ್ಡ್‌ನ ಮನೆಯೊಳಗೆ ಸಿಕ್ಕಿಬಿದ್ದು, ಅವನ ಹೆಂಡತಿಯ ಉಂಗುರವನ್ನು ತನ್ನ ಬೆರಳಿಗೆ ತೊಟ್ಟು ಬೆನ್ನ ಹಿಂದೆ ತೋರಿಸಿ ಜೆಫ್ರೀಸ್‌ಗೆ ಸನ್ನೆ ಮಾಡಿದಾಗ, ಅದನ್ನು ಗಮನಿಸಿದ ಥಾರ್ವಾಲ್ಡ್ ತಲೆಯೆತ್ತಿ ನೆಟ್ಟಗೆ ನಮ್ಮತ್ತಲೇ ನೋಡುತ್ತಾನೆ. ಅದುವರೆಗೆ ಕದ್ದು ನೋಡುತ್ತಿದ್ದವರು ನಾವೂ ಹೌದಲ್ಲ!

ಮತ್ತೊಮ್ಮೆ ನೋಡುವುದಾದರೆ ದಯವಿಟ್ಟು ಮೊಬೈಲಿನಲ್ಲಿ ಬೇಡ. ಅಂಗೈಯಗಲದ ತೆರೆಯಲ್ಲಿ ಆ ಸಿಗರೇಟಿನ ಕಿಡಿ ಕಾಣದೆಯೇ ಹೋಗಬಹುದು.